ಪೋಸ್ಟರ್‌ನ ಕೊನೇ ಸಾಲಿನವರು: ಹಾರ್ಮೋನಿಯಂ ಮೇಷ್ಟ್ರು ಮತ್ತು ಬಿ.ವಿ. ಕಾರಂತ

ನಮ್ಮ ಕಡೆ ಹಬ್ಬಕ್ಕೋ ಜಾತ್ರೆಗೋ 'ಕುರುಕ್ಷೇತ್ರ' ನಾಟಕ ಆಡಿಸುವಾಗ ಊರಬಾಗಿಲಲ್ಲಿ ಕಟ್ಟುವ ಫ್ಲೆಕ್ಸನ್ನು ಒಮ್ಮೆ ಮೇಲಿಂದ ಕೆಳಕ್ಕೆ ಓದಿ. ತುತ್ತತುದಿಯಲ್ಲಿ ಊರದೇವರು. ಅದರ ಕೆಳಗೆ ಎಂಎಲ್‌ಎ, ಮಾಜಿ ಎಂಎಲ್‌ಎ, ಮುಂದೆ ಎಂಎಲ್‌ಎ ಆಗಬೇಕು ಅಂತಿರುವವರು. ಆಮೇಲೆ ಕಿರೀಟ ತೊಟ್ಟ ದುರ್ಯೋಧನ, ಕೃಷ್ಣ, ಭೀಮ, ಕರ್ಣ. ತೀರಾ ಕೆಳಗೆ, ಸೀನರಿಯವರು ಮೈಕ್‌ಸೆಟ್‌ನವರ ಪಕ್ಕ, ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರು: 'ನಿರ್ದೇಶನ ಮತ್ತು ಹಾರ್ಮೋನಿಯಂ'.

ಆ ನಾಟಕ ಕಟ್ಟಿದವರು ಅವರೇ. ಎರಡು ಮೂರು ತಿಂಗಳು ಪ್ರತಿ ರಾತ್ರಿ ಮಾರಿಗುಡಿ ಜಗುಲಿಯಲ್ಲೋ ಶಾಲೆ ವರಾಂಡದಲ್ಲೋ ಕೂತು, ಹೊಲದಿಂದ ಬಂದು ಮೈ ತೊಳೆದುಕೊಂಡು ಬರುವವರಿಗೆ ಕಂದಪದ್ಯ, ಸೀಸಪದ್ಯ ಹೇಳಿಕೊಟ್ಟಿರುತ್ತಾರೆ. ಯಾರ ಗಂಟಲು ಎಷ್ಟು ಏರುತ್ತದೆ, ಯಾರಿಗೆ ಕಪ್ಪು ಒಂದು ಶ್ರುತಿ, ಯಾರಿಗೆ ಬಿಳಿ ಐದು ಅನ್ನುವುದು ಅವರಿಗೆ ಗೊತ್ತು. ತಾಳ ತಪ್ಪುವ ಭೀಮನಿಗೆ ಎಲ್ಲಿ ಕೈ ಕೊಟ್ಟು ಎತ್ತಿಕೊಳ್ಳಬೇಕು, ಪದ ಮರೆತ ಧರ್ಮರಾಯನಿಗೆ ಎಷ್ಟು ಹೊತ್ತು ಬರೀ ಸ್ವರ ಬಾರಿಸಿ ಮಾನ ಉಳಿಸಬೇಕು, ಅದೂ ಗೊತ್ತು. ರಾತ್ರಿ ಒಂಬತ್ತಕ್ಕೆ ಶುರುವಾದ ನಾಟಕ ಬೆಳಗಿನ ಜಾವಕ್ಕೆ ಮುಗಿಯುವ ತನಕ ಎದ್ದು ಹೋಗುವಂತಿಲ್ಲದವರು ಇಬ್ಬರೇ. ಒಬ್ಬರು ತಬಲದವರು, ಇನ್ನೊಬ್ಬರು ಇವರು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಕಡೆಯ ಎಷ್ಟೋ ಜನ ಸಂಗೀತ ಅಂತ ಕಲಿತಿದ್ದರೆ ಇಂಥ ಮೇಷ್ಟ್ರುಗಳಿಂದಲೇ ಕಲಿತದ್ದು. ಈ ಲೇಖನದಲ್ಲಿ ಅವರ ಕಸುಬಿನ ಕಥೆ ಇದೆ. ಅದೇ ಕಸುಬನ್ನು ಹಿಡಿದು ಇಡೀ ದೇಶದ ರಂಗಭೂಮಿಯ ನಡುವೆ ತಂದು ಕೂರಿಸಿದ ಒಬ್ಬರ ಬದುಕಿನ ಕಥೆಯೂ ಇದೆ. ಅವರು ಬಿ.ವಿ. ಕಾರಂತ.

ಮೊದಲು ಆ ಪೆಟ್ಟಿಗೆ ಎಲ್ಲಿಂದ ಬಂತು ನೋಡೋಣ.

ಮನೆ ಒತ್ತಿದರೆ ಸ್ವರ ಹೊರಡುವ ವಾದ್ಯ ನಮ್ಮ ಸೀಮೆಗೆ ಹಾರ್ಮೋನಿಯಂಗಿಂತ ಮೊದಲೇ ಬಂದಿತ್ತು ಅಂದರೆ ಆಶ್ಚರ್ಯ ಆಗಬಹುದು. ಅದು ಹುಲಿಯ ಹೊಟ್ಟೆಯೊಳಗಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಸತ್ತ ಮೇಲೆ, ಇಂಗ್ಲಿಷರು ಅರಮನೆಯನ್ನು ಜಾಲಾಡಿದಾಗ ವಾದ್ಯಗಳನ್ನಿಡುವ 'ರಾಗ ಮಹಲ್' ಎಂಬ ಕೋಣೆಯಲ್ಲಿ ಮರದ ದೊಡ್ಡ ಹುಲಿ ಸಿಕ್ಕಿತು. ಬಿಳಿಯ ಸಿಪಾಯಿಯೊಬ್ಬನ ಮೇಲೆ ಎರಗಿ ಕಚ್ಚುತ್ತಿರುವ ಹುಲಿ. ಪಕ್ಕದ ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದವನ ಕೈ ಏರಿಳಿಯುತ್ತದೆ, ಅವನು ನರಳುತ್ತಾನೆ. ಹುಲಿಯ ಪಕ್ಕೆಯ ಬಾಗಿಲು ತೆರೆದರೆ ಒಳಗೆ ದಂತದ 18 ಮನೆಗಳಿರುವ ಸಣ್ಣ ಆರ್ಗನ್, ಗಾಳಿ ತುಂಬಲು ತಿದಿ, ದನಿಗೆ ಕೊಳವೆಗಳು. ಅದನ್ನು ಲಂಡನ್‌ಗೆ ಒಯ್ದರು. ಈಗಲೂ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಆ 18 ಮನೆಗಳ ಮೇಲೆ ರಾಗ ಮಹಲ್‌ನಲ್ಲಿ ಕೈಯಾಡಿಸಿದವರು ಯಾರು? ಅವರ ಹೆಸರು ಇತಿಹಾಸದಲ್ಲಿ ಉಳಿದಿಲ್ಲ. ಈ ಕಥೆಯಲ್ಲಿ ಹೆಸರು ಉಳಿಯದ ಮೊದಲನೆಯವರು ಅವರು ಅಂತಿಟ್ಟುಕೊಳ್ಳಿ.

ಹಾರ್ಮೋನಿಯಂ ಬಂದದ್ದು ಬೇರೆ ದಾರಿಯಲ್ಲಿ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್‌ನ ಅಲೆಕ್ಸಾಂಡ್ರ್ ದೆಬೈನ್ ಎಂಬಾತ ಈ ಹೆಸರಿನ ವಾದ್ಯಕ್ಕೆ ಪೇಟೆಂಟ್ ಪಡೆದ. ಅದು ಮೇಜಿನಷ್ಟು ದೊಡ್ಡದು, ಕಾಲಲ್ಲಿ ತುಳಿದು ಗಾಳಿ ತುಂಬಬೇಕು. ಪಾದ್ರಿಗಳ ಜೊತೆ, ಸಾಹೇಬರ ಜೊತೆ ನಮ್ಮ ದೇಶಕ್ಕೆ ಬಂತು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಕೊಲ್ಕತ್ತಾದ ದ್ವಾರಕಾನಾಥ ಘೋಷ್ ಅದರ ಕಾಲು ಕತ್ತರಿಸಿ, ತಿದಿಯನ್ನು ಹಿಂಬದಿಗೆ ತಂದು, ನೆಲದ ಮೇಲೆ ಕೂತು ಎಡಗೈಯಲ್ಲಿ ತಿದಿ ಒತ್ತಿ ಬಲಗೈಯಲ್ಲಿ ನುಡಿಸುವ ಹಾಗೆ ಮಾಡಿದರು. ನೆಲದ ಮೇಲೆ ಕೂತು ಹಾಡುವ ದೇಶಕ್ಕೆ ಬೇಕಾಗಿದ್ದದ್ದು ಅಂಥದ್ದೇ.

ಒಳಗಿನ ಕೆಲಸ ಸರಳ. ಕಮ್ಮಾರನ ಕುಲುಮೆಯ ತಿದಿ ನೋಡಿದವರಿಗೆ ಅರ್ಧ ಅರ್ಥವಾದ ಹಾಗೆಯೇ. ತಿದಿಯ ಗಾಳಿ ಒಂದು ಪೆಟ್ಟಿಗೆಯಲ್ಲಿ ತುಂಬಿಕೊಳ್ಳುತ್ತದೆ. ಮನೆ ಒತ್ತಿದಾಗ ಒಂದು ಕಿಂಡಿ ತೆರೆದು, ಗಾಳಿ ಹಿತ್ತಾಳೆಯ ತೆಳು ನಾಲಿಗೆಯೊಂದನ್ನು ಅದುರಿಸಿಕೊಂಡು ಹೊರಗೆ ನುಗ್ಗುತ್ತದೆ. ಆ ನಾಲಿಗೆಯೇ ರೀಡ್. ಉದ್ದ ರೀಡಾದರೆ ತಗ್ಗು ಸ್ವರ, ಗಿಡ್ಡ ರೀಡಾದರೆ ಏರು ಸ್ವರ. ವೀಣೆಯ ಹಾಗೆ ಪ್ರತಿ ಸಲ ಶ್ರುತಿ ಮಾಡಿಕೊಳ್ಳುವ ಗೋಜಿಲ್ಲ. ಮಳೆಯಿರಲಿ ಬಿಸಿಲಿರಲಿ, ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಊರೂರಿಗೆ ಹೋಗಬಹುದು. ಮೈಕ್ ಇಲ್ಲದ ಕಾಲದಲ್ಲಿ ಡೇರೆಯ ಕೊನೇ ಸಾಲಿನವರೆಗೂ ಕೇಳುತ್ತಿತ್ತು.

ನಾಟಕ ಕಂಪನಿಗಳು ಇದನ್ನು ಬಾಚಿಕೊಂಡವು. ಮೈಸೂರಲ್ಲಿ 1880ರ ದಶಕದಲ್ಲಿ ಅರಮನೆಯ ಆಶ್ರಯದ ನಾಟಕ ಸಭೆಯಿತ್ತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಕಂಪನಿ ಮುಂದೆ ವೀರಣ್ಣನವರ ಕೈಯಲ್ಲಿ ದೇಶದಲ್ಲೇ ಹೆಸರಾಯಿತು. ಬಿ. ಪುಟ್ಟಸ್ವಾಮಯ್ಯ ಬರೆದ 'ಕುರುಕ್ಷೇತ್ರ'ವನ್ನು ಆ ಕಂಪನಿ ಆನೆ, ಕುದುರೆಗಳನ್ನೇ ತಂದು ಆಡಿತು. ಕಂಪನಿ ಕ್ಯಾಂಪ್ ಮುಗಿಸಿ ಹೋದ ಮೇಲೆ ಆ ಮಟ್ಟುಗಳು ಊರಲ್ಲಿ ಉಳಿದವು. ಇವತ್ತು ನಮ್ಮೂರ ದುರ್ಯೋಧನ ಗದೆ ಹೊತ್ತು ಹಾಡುವ ಧಾಟಿಯಲ್ಲಿ ಕಂಪನಿ ಕಾಲದ ವಾಸನೆ ಇನ್ನೂ ಇದೆ.

ಇಷ್ಟೆಲ್ಲ ಆದರೂ ದೊಡ್ಡ ಸಂಗೀತಗಾರರು ಈ ಪೆಟ್ಟಿಗೆಯನ್ನು ಒಪ್ಪಲಿಲ್ಲ. ಅವರ ತಕರಾರಿನಲ್ಲಿ ನಿಜವೂ ಇತ್ತು. ನಮ್ಮ ಸಂಗೀತದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗಬೇಕು, ಸ್ವರವನ್ನು ತೂಗಬೇಕು. ಹಾರ್ಮೋನಿಯಂನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗೋಡೆ. ಗಮಕ ಅಲ್ಲಿ ಹುಟ್ಟುವುದಿಲ್ಲ. ರವೀಂದ್ರನಾಥ ಟ್ಯಾಗೋರರಿಗೂ ಅದು ಹಿಡಿಸುತ್ತಿರಲಿಲ್ಲ. ಕೊನೆಗೆ 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ತನ್ನ ಕಾರ್ಯಕ್ರಮಗಳಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಆ ನಿಷೇಧ ಸಡಿಲವಾಗಿದ್ದು 1971ರಲ್ಲಿ. ಮೂವತ್ತೊಂದು ವರ್ಷ! ಅಷ್ಟೂ ವರ್ಷ ಹಳ್ಳಿಯಲ್ಲಿ ಮೇಷ್ಟ್ರು ಜಗುಲಿ ಮೇಲೆ ಕೂತು ತಿದಿ ಒತ್ತುತ್ತಲೇ ಇದ್ದರು. ರೇಡಿಯೋದವರನ್ನು ಅವರು ಕೇಳಲಿಲ್ಲ, ಅವರನ್ನು ರೇಡಿಯೋದವರೂ ಕೇಳಲಿಲ್ಲ.

ಸಣ್ಣದು ಅಂತ ತಳ್ಳಿದ ವಾದ್ಯದ ಕಥೆ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಸಮುದ್ರದಾಚೆ ಕೆರಿಬಿಯನ್‌ನಲ್ಲಿ ಜಮೈಕಾ ಅಂತ ಒಂದು ದ್ವೀಪವಿದೆ, ಅದೂ ನಮ್ಮ ಹಾಗೆ ಕಬ್ಬಿನ ಸೀಮೆ. 1845ರಿಂದ ಅಲ್ಲಿನ ಕಬ್ಬಿನ ಗದ್ದೆಗಳಿಗೆ ಭಾರತದಿಂದಲೇ ಕರಾರು ಕೂಲಿಗಳನ್ನು ಹಡಗಿನಲ್ಲಿ ಸಾಗಿಸಿದ್ದರು. ಅಲ್ಲಿ 1960ರ ದಶಕದ ಕೊನೆಗೆ ರೆಗ್ಗೆ ಎಂಬ ಸಂಗೀತ ಹುಟ್ಟಿತು. ಬಾಬ್ ಮಾರ್ಲಿ ಹೆಸರು ಕೇಳಿರುತ್ತೀರಿ. ಅದರಲ್ಲಿ ಕೀಬೋರ್ಡ್‌ನವರ ಕೆಲಸ ವಿಚಿತ್ರ. ತಾಳದ ಪೆಟ್ಟು ಬಿದ್ದ ಮೇಲೆ, ಮುಂದಿನ ಪೆಟ್ಟು ಬೀಳುವ ಮೊದಲು, ಆ ಸಂದಿಯಲ್ಲಿ ಅವರು ಕುಟುಕಬೇಕು. ಹಾಡುವವನ ಹೆಸರು ಜಗತ್ತಿಗೆಲ್ಲ ಗೊತ್ತಾಗುತ್ತದೆ, ಸಂದಿಯಲ್ಲಿ ಕುಟುಕುವವನದ್ದು ಕಡಿಮೆ. ಜಾಕಿ ಮಿಟ್ಟೂ ಎಂಬಾತ ಅಲ್ಲಿನ ಸ್ಟುಡಿಯೋ ಒನ್‌ನಲ್ಲಿ ಕೂತು ಎಷ್ಟೋ ಹಾಡುಗಳಿಗೆ ಆಧಾರವಾದ ಧಾಟಿಗಳನ್ನು ಕಟ್ಟಿದ. ಅಗಸ್ಟಸ್ ಪಾಬ್ಲೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೆಲೋಡಿಕಾ ಎತ್ತಿಕೊಂಡ. ಬಾಯಲ್ಲಿ ಊದಿ ಮನೆ ಒತ್ತುವ ಅದು ಶಾಲೆಯ ಮಕ್ಕಳ ವಾದ್ಯ ಅಂತಲೇ ಎಲ್ಲರೂ ತಿಳಿದಿದ್ದರು. ಅದರೊಳಗಿರುವುದೂ ಹಾರ್ಮೋನಿಯಂನಲ್ಲಿರುವಂಥ ಹಿತ್ತಾಳೆ ನಾಲಿಗೆಗಳೇ. ಮಕ್ಕಳ ಆಟಿಕೆಯಂಥ ಅದರಿಂದ ಆತ ತೆಗೆದ ದನಿಯನ್ನು ಜಗತ್ತು ಇವತ್ತಿಗೂ ಕೇಳುತ್ತಿದೆ. ಯೂಟ್ಯೂಬ್‌ನಲ್ಲಿ ಹುಡುಕಿ ಕೇಳಿ. ತಿದಿಯ ಉಸಿರು ನಿಮಗೆ ಪರಿಚಯದ್ದೇ ಅನಿಸುತ್ತದೆ.

ಆ ಕೆಲಸವನ್ನು ನಮ್ಮಲ್ಲಿ ಮಾಡಿದವರು ಕಾರಂತರು.

ಬಾಬುಕೋಡಿ ವೆಂಕಟರಮಣ ಕಾರಂತ ಹುಟ್ಟಿದ್ದು 1929ರ ಸೆಪ್ಟೆಂಬರ್ 19ರಂದು, ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ. ಪ್ರಾಥಮಿಕ ಶಾಲೆಯಲ್ಲಿದ್ದಾಗ ಕುವೆಂಪು ಅವರ 'ನನ್ನ ಗೋಪಾಲ'ದಲ್ಲಿ ಪಾತ್ರ ಮಾಡಿದ ಹುಡುಗ. ನಾಟಕದ ಹುಚ್ಚು ಹತ್ತಿ ಮನೆಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದ. ರಾಜ್‌ಕುಮಾರ್ ಕೂಡ ಬೆಳೆದದ್ದು ಅದೇ ಕಂಪನಿಯಲ್ಲಿ. ಕಂಪನಿ ಎಂದರೆ ಆಗ ಶಾಲೆ, ಮನೆ, ಅನ್ನ ಎಲ್ಲ ಒಟ್ಟಿಗೆ. ಪರದೆ ಏಳುವ ಮೊದಲು ಹಾರ್ಮೋನಿಯಂ, ಪದ್ಯಕ್ಕೆ ಹಾರ್ಮೋನಿಯಂ, ಜಗಳಕ್ಕೂ ಅಳುವಿಗೂ ಹಾರ್ಮೋನಿಯಂ. ಕಾರಂತರ ಕಿವಿ ತಯಾರಾದದ್ದು ಅಲ್ಲಿ ಅಂತ ನನ್ನ ಅಂದಾಜು. ಮುಂದೆ ಅವರು ಏನೇ ಕಲಿತರೂ ಆ ಡೇರೆಯ ದನಿ ಅವರ ನಾಟಕಗಳಿಂದ ಬಿಟ್ಟುಹೋಗಲಿಲ್ಲ.

ವೀರಣ್ಣನವರು ಒಂದು ದೊಡ್ಡ ಕೆಲಸ ಮಾಡಿದರು. ಓದುವ ಆಸೆಯಿದ್ದ ಈ ಹುಡುಗನನ್ನು ಕಂಪನಿಯಲ್ಲೇ ಇಟ್ಟುಕೊಳ್ಳದೆ ಹಿಂದಿ ಎಂ.ಎ. ಓದಲು ಬನಾರಸ್‌ಗೆ ಕಳಿಸಿದರು. ಅಲ್ಲಿ ಕಾರಂತರು ಪಂಡಿತ್ ಓಂಕಾರನಾಥ ಠಾಕೂರ್ ಅವರ ಬಳಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತರು. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಪಾಸಾದರು. 1969ರಿಂದ 1972ರವರೆಗೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರಾಗಿದ್ದರು. ಈ ಮೂರು ವರ್ಷವನ್ನು ಅವರ ಬಗ್ಗೆ ಬರೆಯುವವರು ಒಂದು ಸಾಲಲ್ಲಿ ದಾಟಿಬಿಡುತ್ತಾರೆ. ನನಗೆ ಅದು ಮುಖ್ಯ ಅನಿಸುತ್ತದೆ. ಸಂಗೀತ ಗೊತ್ತಿಲ್ಲದವರಿಂದ ಹಾಡಿಸುವುದು ಹೇಗೆ ಅನ್ನುವುದನ್ನು ಮಕ್ಕಳ ಹಾಗೆ ಯಾರೂ ಕಲಿಸಲಾರರು. ಮುಂದೆ ಅವರು 'ಪಂಜರಶಾಲೆ', 'ಅಳಿಲು ರಾಮಾಯಣ'ದಂಥ ಮಕ್ಕಳ ನಾಟಕಗಳನ್ನು ಮಾಡಿದ್ದೂ ಈ ದಾರಿಯಲ್ಲೇ.

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಮೂರು ನಾಟಕ ಆಡಿಸಿದರು: 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ'. ಗ್ರೀಕರದ್ದೊಂದು, ಕಂಬಾರರದ್ದೊಂದು, ಲಂಕೇಶರದ್ದೊಂದು. ಓದಿಕೊಂಡವರ ನಾಟಕ ಅಂದರೆ ಕುರ್ಚಿ, ಮೇಜು, ಡ್ರಾಯಿಂಗ್ ರೂಮು ಅಂತಿದ್ದ ಕಾಲ ಅದು. ಅಂಥ ನಾಟಕದಿಂದ ಹಾಡು ಹೊರಗೆ ಹೋಗಿ ಬಹಳ ದಿನ ಆಗಿತ್ತು. ಕಾರಂತರು ಅದನ್ನು ಕೈಹಿಡಿದು ವಾಪಸ್ ಕರೆತಂದರು. ಶ್ರೀರಂಗರ 'ಸತ್ತವರ ನೆರಳು' ನಾಟಕದೊಳಕ್ಕೆ ದಾಸರ ಪದಗಳನ್ನು ಅವರು ತಂದ ರೀತಿಗೆ ಜನ ಮತ್ತೆ ಮತ್ತೆ ಬಂದು ನೋಡಿದರು.

ಅವರು ಮಾಡಿದ್ದೇನು ಅಂತ ನೋಡಿದರೆ, ಹಳ್ಳಿ ಮೇಷ್ಟ್ರ ಕ್ರಮವೇ. ತಾಲೀಮು ನಡೆಯುವ ಜಾಗದಲ್ಲೇ, ನಟರ ಮಧ್ಯೆ ಹಾರ್ಮೋನಿಯಂ ಇಟ್ಟುಕೊಂಡು ಕೂತು, ಆ ನಟನ ಗಂಟಲಿಗೆ ಒಗ್ಗುವ ಹಾಗೆ ಅಲ್ಲೇ ರಾಗ ಹಾಕುವುದು. ವ್ಯತ್ಯಾಸ ಇದ್ದದ್ದು ಎರಡು ಕಡೆ. ಮೇಷ್ಟ್ರು ಪದ್ಯಕ್ಕೆ ರಾಗ ಹಾಕಿದರೆ, ಕಾರಂತರು ಮಾತಿನಲ್ಲೂ ರಾಗ ಹುಡುಕಿದರು. ಮಾತಾಡುತ್ತ ಆಡುತ್ತ ಯಾವ ಕ್ಷಣದಲ್ಲಿ ಅದು ಹಾಡಾಯಿತು ಅಂತ ಕೂತವರಿಗೆ ಗೊತ್ತಾಗುತ್ತಿರಲಿಲ್ಲ. ಇನ್ನೊಂದು, ಅವರಿಗೆ ಯಾವುದಾದರೂ ವಾದ್ಯವೇ. ದಿನನಿತ್ಯದ ಸಾಮಾನುಗಳೂ, ಬರಿಯ ಗಂಟಲಿನ ಸದ್ದುಗಳೂ ಅವರ ಕೈಯಲ್ಲಿ ಸಂಗೀತಕ್ಕೆ ಬಂದವು. ಹಾರ್ಮೋನಿಯಂನ ಗೋಡೆಯ ಬಗ್ಗೆ ಪಂಡಿತರು ತಕರಾರು ಮಾಡುತ್ತಿದ್ದರೆ, ಇವರು ಆ ಗೋಡೆಯನ್ನು ಸದ್ದುಗಳಿಂದ ಸುತ್ತುವರಿದುಬಿಟ್ಟರು.

ಹೆಸರು ಬಂತು. 1975ರಲ್ಲಿ ಅವರು ನಿರ್ದೇಶಿಸಿದ 'ಚೋಮನ ದುಡಿ' ಸಿನಿಮಾಕ್ಕೆ ಸ್ವರ್ಣಕಮಲ ಸಿಕ್ಕಿತು. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಸಿನಿಮಾಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ. 1977ರಲ್ಲಿ ತಾವು ಓದಿದ ರಾಷ್ಟ್ರೀಯ ನಾಟಕ ಶಾಲೆಗೇ ನಿರ್ದೇಶಕರಾದರು. 1981ರಲ್ಲಿ ಪದ್ಮಶ್ರೀ. ಆಮೇಲೆ ಭೋಪಾಲ್‌ನ ಭಾರತ ಭವನದ ರಂಗಮಂಡಲ. ಅಲ್ಲಿ ಅವರು ಬುಂದೇಲಿ, ಮಾಳವಿಯಂಥ ಆಡುನುಡಿಗಳಲ್ಲಿ ನಾಟಕ ಮಾಡಿಸಿದರು. ಮಂಡ್ಯದ ಮಾತಾಡಿದರೆ ನಗುವವರನ್ನು ನೋಡಿರುವ ನಮಗೆ ಇದರ ಬೆಲೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು.

1989ರಲ್ಲಿ ಕಾರಂತರು ನಮ್ಮ ಹತ್ತಿರಕ್ಕೇ ಬಂದರು. ಮೈಸೂರಲ್ಲಿ ರಂಗಾಯಣ ಶುರುವಾಯಿತು, ಅದರ ಮೊದಲ ನಿರ್ದೇಶಕರು ಅವರು. ನಾಡಿನ ಬೇರೆ ಬೇರೆ ಮೂಲೆಗಳಿಂದ ಬಂದ ಹುಡುಗ ಹುಡುಗಿಯರಿಗೆ ಸಂಬಳ ಕೊಟ್ಟು, ಅಲ್ಲೇ ಇರಿಸಿಕೊಂಡು ನಾಟಕ ಕಲಿಸುವ ಜಾಗ. ಒಂಥರಾ ಗುಬ್ಬಿ ಕಂಪನಿಯನ್ನೇ ಸರ್ಕಾರದ ಲೆಕ್ಕದಲ್ಲಿ ಮತ್ತೆ ಕಟ್ಟಿದ ಹಾಗೆ. ಶ್ರೀರಂಗಪಟ್ಟಣದಿಂದ ಬಸ್ ಹತ್ತಿದರೆ ಅರ್ಧ ಮುಕ್ಕಾಲು ಗಂಟೆಯ ದಾರಿ.

ಅಲ್ಲಿಂದ ಪಾಂಡವಪುರ ತಾಲೂಕಿಗೆ ಒಂದು ಎಳೆ ಬರುತ್ತದೆ. ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್, ನಮ್ಮ ಪುತಿನ, 'ಗೋಕುಲ ನಿರ್ಗಮನ' ಎಂಬ ಗೀತನಾಟಕ ಬರೆದಿದ್ದರು. ಕೃಷ್ಣ ಗೋಕುಲ ಬಿಟ್ಟು ಮಧುರೆಗೆ ಹೊರಡುವ ಕಥೆ. ಪುತಿನ ಬರೀ ಕವಿಯಲ್ಲ, ತಾವೇ ಹೊಸ ರಾಗಗಳನ್ನು ಕಟ್ಟಿದವರು. ಹಾಡಿನಲ್ಲೇ ನಡೆಯಬೇಕಾದ ಇಂಥ ನಾಟಕವನ್ನು ಆಡುವುದು ಹೇಗೆ ಅಂತ ಓದುಗರು ಪುಸ್ತಕವನ್ನು ಕಪಾಟಿನಲ್ಲಿಟ್ಟಿದ್ದರು ಅಂದರೂ ಸರಿಯೇ. ಕಾರಂತರು ಅದನ್ನು ರಂಗಾಯಣದ ಹುಡುಗರಿಂದ ಆಡಿಸಿದರು. ಅವರ ನಾಟಕಗಳಲ್ಲಿ ತುಂಬ ಹೆಸರಾದದ್ದರಲ್ಲಿ ಅದೂ ಒಂದು. ಪುತಿನ ಆಗ ಬದುಕಿದ್ದರು. ಅವರು ತೀರಿಕೊಂಡದ್ದು 1998ರಲ್ಲಿ. ಮೇಲುಕೋಟೆಯಲ್ಲಿ ಅವರ ಮನೆ ಈಗ ಸ್ಮಾರಕವಾಗಿದೆ. ವೈರಮುಡಿಗೆ ಹೋದವರು ಅಲ್ಲಿಗೂ ಒಂದು ಹೆಜ್ಜೆ ಹಾಕಬಹುದು.

ಕಾರಂತರು 2002ರ ಸೆಪ್ಟೆಂಬರ್ 1ರಂದು ಬೆಂಗಳೂರಲ್ಲಿ ತೀರಿಕೊಂಡರು. ನೂರಕ್ಕೂ ಹೆಚ್ಚು ನಾಟಕ, ಇಪ್ಪತ್ತಾರು ಸಿನಿಮಾಗಳ ಸಂಗೀತ. ವೈದೇಹಿಯವರು ಬರೆದುಕೊಂಡ ಅವರ ಆತ್ಮಕಥೆ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಇದೆ. ನಿಮ್ಮೂರಿನ ಲೈಬ್ರರಿಯಲ್ಲಿ ಸಿಕ್ಕರೆ ಬಿಡಬೇಡಿ.

ಹಾರ್ಮೋನಿಯಂ ಹಿಡಿದವರಿಗೆ ಹೆಸರು ದಕ್ಕಿದ ಇನ್ನೊಂದು ಉದಾಹರಣೆ ಕೆ.ಆರ್.ಪೇಟೆ ಕಡೆಗೆ ಹೋದರೆ ಸಿಗುತ್ತದೆ. ಆ ತಾಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳು ಪುಸ್ತಕ ಓದದವರ ಬಾಯಿಗೂ ಬಂದದ್ದು ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರಂಥವರು ರಾಗ ಹಾಕಿ ಹಾಡಿದ್ದರಿಂದ. ಇಬ್ಬರೂ ಹಾರ್ಮೋನಿಯಂ ಮುಂದೆ ಕೂತು ಹಾಡಿದವರೇ. ಅನಂತಸ್ವಾಮಿಯವರು 1995ರಲ್ಲಿ ತೀರಿಕೊಂಡರು. ನಾಡಗೀತೆಗೆ ಯಾರ ಧಾಟಿ ಅಂತ ಬಹಳ ವರ್ಷ ಚರ್ಚೆ ನಡೆದು, 2022ರಲ್ಲಿ ಸರ್ಕಾರ ಅವರ ಧಾಟಿಯನ್ನೇ ಅಧಿಕೃತ ಅಂತ ಆದೇಶ ಹೊರಡಿಸಿತು. ಎರಡೂವರೆ ನಿಮಿಷದ ಹಾಡು. ಹಾಡು ಬರೆದ ಕುವೆಂಪು ಹೆಸರು ಮಕ್ಕಳಿಗೆ ಗೊತ್ತು. ಬೆಳಿಗ್ಗೆ ತಾವು ಯಾರ ಧಾಟಿಯಲ್ಲಿ ಹಾಡುತ್ತೇವೆ ಅಂತ ಕೇಳಿ ನೋಡಿ.

ಅನಂತಸ್ವಾಮಿಯವರಿಗೆ ಸರ್ಕಾರದ ಆದೇಶವಾದರೂ ಸಿಕ್ಕಿತು. ನಮ್ಮ ಪೌರಾಣಿಕ ನಾಟಕದ ಮೇಷ್ಟ್ರಿಗೆ? ಜನಪದ ಸಂಗ್ರಹ ಅಂದರೆ ನಾಗಮಂಗಲ ತಾಲೂಕಿನವರೇ ಆದ ಎಚ್.ಎಲ್. ನಾಗೇಗೌಡರ ಹೆಸರು ಮೊದಲು ಬರುತ್ತದೆ. ಅವರು ಊರೂರು ಅಲೆದು ಪದ ಬರೆದುಕೊಂಡರು, ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಸೋಬಾನೆಗೆ, ಬೀಸುವ ಪದಕ್ಕೆ ಹಾಗೆ ಒಂದು ಮನೆ ಆಯಿತು. ಪೌರಾಣಿಕ ನಾಟಕದ ಸಂಗೀತ ಮಾತ್ರ ಯಾವ ಮನೆಗೂ ಸೇರದ ಕೂಸು. ಅಚ್ಚಾದ ಪುಸ್ತಕದಿಂದ ಬಂದದ್ದು, ಹಾಗಾಗಿ ಜನಪದ ಅಲ್ಲ. ಸಿನಿಮಾ ಹಾಡಿನ ಮಟ್ಟು ಬೆರೆತದ್ದು, ಹಾಗಾಗಿ ಶಾಸ್ತ್ರೀಯ ಅಲ್ಲ. ಹಳೇ ಸೀನರಿ, ಹಳೇ ಕಿರೀಟ, ಹಾಗಾಗಿ ಆಧುನಿಕ ರಂಗಭೂಮಿಯೂ ಅಲ್ಲ. ಇದನ್ನೇ ಕೇಳಿ ಬೆಳೆದ ಹುಡುಗನೊಬ್ಬ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾದ ಮೇಲೂ ಲೆಕ್ಕ ಬದಲಾಗಲಿಲ್ಲ.

ಈಗ ಜಗುಲಿಯಲ್ಲಿ ಪೆಟ್ಟಿಗೆಯೂ ಬದಲಾಗುತ್ತಿದೆ. ಕರೆಂಟ್ ಕೀಬೋರ್ಡ್ ಬಂದಿದೆ, ಜೊತೆಗೆ ರಿದಂ ಪ್ಯಾಡ್. ಒಂದು ಬಟನ್ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಶಹನಾಯಿ. ಇದನ್ನು ಕಂಡು ಹಳಬರು ಗೊಣಗುತ್ತಾರೆ. ನನಗೆ ಅದರ ಬಗ್ಗೆ ಬೇಜಾರಿಲ್ಲ. ಹಾರ್ಮೋನಿಯಂ ಬಂದಾಗಲೂ ಹೀಗೇ ಗೊಣಗಿದ್ದರು. ಬೇಜಾರು ಬೇರೆ ಕಡೆ ಇದೆ. ಮೇಷ್ಟ್ರು ತೀರಿಕೊಂಡಾಗ ಹಾರ್ಮೋನಿಯಂ ಅಟ್ಟ ಸೇರುತ್ತದೆ, ಅದಾದರೂ ಎಲ್ಲಿಗೂ ಹೋಗುವುದಿಲ್ಲ. ಹೋಗುವುದು ಅವರ ನೋಟ್‌ಬುಕ್, ರದ್ದಿಗೆ.

ಅಂಥ ನೋಟ್‌ಬುಕ್ ನೀವೂ ನೋಡಿರಬಹುದು. ಇನ್ನೂರು ಪುಟದ ಶಾಲೆ ನೋಟ್‌ಬುಕ್, ಎಣ್ಣೆ ಜಿಡ್ಡಿನ ರಟ್ಟು. ಒಳಗೆ ಪಾತ್ರವಾರು ಪದ್ಯಗಳು. ಪ್ರತಿ ಪದ್ಯದ ಮೇಲೆ ಬೇರೆ ಶಾಯಿಯಲ್ಲಿ ರಾಗದ ಹೆಸರು, ಇಲ್ಲವೇ 'ಇಂಥ ಸಿನಿಮಾದ ಇಂಥ ಹಾಡಿನ ಮಟ್ಟು' ಅಂತ. ಪಕ್ಕದ ಅಂಚಿನಲ್ಲಿ ಆ ವರ್ಷ ಆ ಪಾತ್ರ ಮಾಡಿದವನ ಹೆಸರು, ಅವನ ಶ್ರುತಿ. ಕೆಲವು ಕಡೆ ಹಳೇ ಹೆಸರಿಗೆ ಗೀಟು ಎಳೆದು ಕೆಳಗೆ ಅವನ ಮಗನ ಹೆಸರು ಬರೆದು, ಶ್ರುತಿಯನ್ನು ಒಂದು ಮನೆ ಇಳಿಸಿರುತ್ತಾರೆ.